ವಾಣಿಶ್ರೀ ಮನೆಯಿಂದ ಹೊರಟ ಟಾಯರುಗಳು

ಹರಪನಹಳ್ಳಿಯ ಕೊಟ್ಟೂರು ರಸ್ತೆಯಲ್ಲಿ ಪಂಕ್ಚರ್ ಅಂಗಡಿ ಗವಿಸಿದ್ದೇಶನ ಮನೆ ಯಾವುದೆಂದು ಕೇಳಿದರೆ ಜನ ಮೊದಲು ನಗುತ್ತಿದ್ದರು, ಆಮೇಲೆ ದಾರಿ ತೋರಿಸುತ್ತಿದ್ದರು. ಆ ನಗು ಗವಿಸಿದ್ದೇಶನ ಮೇಲಲ್ಲ, ಅವನ ಹೆಂಡತಿ ವಾಣಿಶ್ರೀಯ ಮೇಲೆ. ನಡು ಮಧ್ಯಾಹ್ನದ ಸೆಕೆಯಲ್ಲೂ ಆಕೆ ಸೀರೆಯ ಮೇಲೆ ಗಂಡನ ತುಂಬುತೋಳಿನ ಅಂಗಿ ತೊಟ್ಟು, ಕಾಲಿಗೆ ಕಾಲುಚೀಲ ಏರಿಸಿ, ಹೊಲಿಗೆ ಯಂತ್ರದ ಮುಂದೆ ಕೂತಿರುತ್ತಿದ್ದಳು. ಯಂತ್ರದ ಕಾಲುಗಳ ಸುತ್ತ ಹಳೆಯ ಸೊಳ್ಳೆ ಪರದೆಯನ್ನು ಲಂಗದಂತೆ ಹೊಲಿದು ಕಟ್ಟಿದ್ದಳು. ಬ್ಲೌಸ್ ಹೊಲಿಸಲು ಬಂದವರು ಅದನ್ನು ಕಂಡು, "ಏನ್ರೀ ವಾಣಿ, ಮಷಿನ್ನಿಗೂ ಕುಬಸ ಮಾಡೀರೇನು?" ಎಂದು ಕಾಡಿಸುವರು.

ವಾಣಿಶ್ರೀ ನಗುತ್ತಿರಲಿಲ್ಲ. ಮಾತು ನಡೆದಿರುವಾಗಲೇ ಆಕೆಯ ಕಣ್ಣು ಗಾಳಿಯಲ್ಲಿ ಏನನ್ನೋ ಹಿಂಬಾಲಿಸುತ್ತಿತ್ತು. ಎದುರು ಕೂತವರ ಭುಜದ ಮೇಲೆ ಥಟ್ಟನೆ ಒಂದೇಟು ಬೀಳುತ್ತಿತ್ತು. ಅಂಗೈ ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದು, ಸತ್ತ ಸೊಳ್ಳೆಯ ಕಾಲಿನಲ್ಲಿ ಡೆಂಗಿಯ ಬಿಳಿ ಪಟ್ಟೆ ಇದೆಯೋ ಇಲ್ಲವೋ ನೋಡುವಳು. ಪಟ್ಟೆ ಇದ್ದರೆ ಆ ದಿನದ ಊಟ ಕೆಟ್ಟಂತೆಯೇ.

ಆಕೆ ಆಗ ನಾಲ್ಕು ತಿಂಗಳ ಬಸುರಿ. ಎರಡು ವರ್ಷದ ಹಿಂದೆಯೂ ಬಸುರಿಯಾಗಿದ್ದಳು. ಮೂರನೇ ತಿಂಗಳಲ್ಲಿ ಜ್ವರ ಬಂತು, ಮೈಕೈ ಮುರಿದು ಹಾಕಿದಂತೆ ನೋವು ಬಂತು, ರಕ್ತ ಪರೀಕ್ಷೆಯಲ್ಲಿ ಡೆಂಗಿ ಎಂದು ಬಂತು, ವಾರದೊಳಗೆ ಬಸಿರು ಇಳಿದುಹೋಯಿತು. "ಜ್ವರದಿಂದಲೇ ಹೋಯ್ತು ಅಂತ ಹೇಳಾಕ ಬರೂದಿಲ್ಲಮ್ಮ" ಎಂದು ಡಾಕ್ಟರು ಸಮಾಧಾನ ಹೇಳಿದ್ದರು. ವಾಣಿಶ್ರೀಯ ತಲೆಯಲ್ಲಿ ಉಳಿದದ್ದು "ಜ್ವರದಿಂದಲೇ" ಎಂಬ ಮಾತು ಮಾತ್ರ. ಈ ಸಲ ಏನೇ ಆಗಲಿ, ಒಂದೇ ಒಂದು ಸೊಳ್ಳೆಗೂ ತನ್ನ ಮೈ ಸಿಗಬಾರದು ಎಂದು ಆಕೆ ನಿರ್ಧರಿಸಿಬಿಟ್ಟಿದ್ದಳು. ಹೊಟ್ಟೆಯೊಳಗಿನದು ಉಳಿಯಬೇಕು. ಮಿಕ್ಕಿದ್ದೆಲ್ಲ ಆಮೇಲೆ.

ಅತ್ತೆ ಗುರುಬಸಮ್ಮ ಕೆಟ್ಟವಳಲ್ಲ, ಆದರೆ ಆಕೆಯ ಲೆಕ್ಕದಲ್ಲಿ ಸೊಳ್ಳೆ ಎಂಬುದು ಸಂಜೆಯ ಪ್ರಾಣಿ. ಹೊತ್ತು ಮುಳುಗುತ್ತಲೇ ಕುಳ್ಳಿನ ಕೆಂಡಕ್ಕೆ ಬೇವಿನ ಸೊಪ್ಪು ಹಾಕಿ, ಬಾಗಿಲು ಮುಚ್ಚಿ, ಮನೆಮಂದಿಯೆಲ್ಲ ಕೆಮ್ಮಿ ಕೆಮ್ಮಿ ಕಣ್ಣೀರು ಹಾಕುವವರೆಗೂ ಹೊಗೆ ಎಬ್ಬಿಸುತ್ತಿದ್ದಳು. ಬೆಳಗಾದರೆ ಆಕೆಗೆ ಸೊಳ್ಳೆಯ ನೆನಪೇ ಇಲ್ಲ.

"ಡೆಂಗಿ ಸೊಳ್ಳಿ ಹಗಲಾಗ ಕಚ್ಚತೈತಿ ಅತ್ತಿ. ಸುಕನ್ಯಕ್ಕ ಹೇಳಿಲ್ಲೇನು?"

"ಹಗಲಾಗ ಮಂದಿಗೆ ಕಚ್ಚಾಕ ಅದಕ್ಕೇನು ಬ್ಯಾರೆ ಕೆಲಸ ಇಲ್ಲೇನವ್ವಾ? ಸುಮ್ಮನ ಮಲಿಕ್ಯ."

ಸುಕನ್ಯಾ ಆ ಓಣಿಯ ಆಶಾ ಕಾರ್ಯಕರ್ತೆ. ಕೈಯಲ್ಲಿ ಬ್ಯಾಟರಿ ಹಿಡಿದು ಮನೆಮನೆಯ ಡ್ರಮ್ಮು, ತೊಟ್ಟಿ, ಬಿಂದಿಗೆಗಳಲ್ಲಿ ಇಣುಕುವುದು ಆಕೆಯ ಕೆಲಸ. ನಳದ ನೀರು ವಾರಕ್ಕೊಮ್ಮೆ ಬರುವ ಊರಿನಲ್ಲಿ ತುಂಬಿಟ್ಟ ನೀರನ್ನು ಚೆಲ್ಲಿ ಎಂದರೆ ಯಾರು ಕೇಳಿಯಾರು? ಎಲ್ಲ ಮನೆಗಳಲ್ಲೂ ಬೈಗುಳ ತಿಂದು ಬರುವ ಸುಕನ್ಯಾಳಿಗೆ ವಾಣಿಶ್ರೀಯ ಮನೆಯೊಂದೇ ತವರುಮನೆ. ಅಲ್ಲಿ ಡ್ರಮ್ಮಿನ ಬಾಯಿಗೆ ಬಟ್ಟೆ ಕಟ್ಟಿರುತ್ತಿತ್ತು. ಪ್ರತಿ ಸೋಮವಾರ ತೊಟ್ಟಿ ತಿಕ್ಕಿ ಬೋರಲು ಹಾಕಿರುತ್ತಿತ್ತು. ಗವಿಸಿದ್ದೇಶ ಟ್ಯೂಬ್ ಮುಳುಗಿಸಿ ಗುಳ್ಳೆ ನೋಡುವ ಬಾನಿಯ ನೀರನ್ನೂ ವಾಣಿಶ್ರೀ ದಿನಾ ಬದಲಿಸುತ್ತಿದ್ದಳು.

ಸೆಪ್ಟೆಂಬರಿನಲ್ಲಿ ಎರಡು ದಿನ ಜಿಟಿಜಿಟಿ ಮಳೆ ಹಿಡಿದು ಬಿಟ್ಟಿತು. ಆರು ತಿಂಗಳ ಹೊಟ್ಟೆ ಹೊತ್ತ ವಾಣಿಶ್ರೀ ಸುಕನ್ಯಾಳ ಜೊತೆ ಅಂಗಡಿಯ ಹಿಂದಕ್ಕೆ ಹೋದಳು. ಅಲ್ಲಿ ಗೋಡೆಗುಂಟ, ಅದುವರೆಗೆ ಯಾರೂ ಬಗ್ಗಿ ನೋಡದ ಹಳೇ ಟಾಯರುಗಳ ಅಟ್ಟಿ. ಬೈಕಿನವು, ಆಟೋದವು, ಟ್ರಾಕ್ಟರಿನವು ಎಲ್ಲ ಸೇರಿ ಐವತ್ತರ ಮೇಲಿದ್ದವು. ದಾವಣಗೆರೆಯಿಂದ ಗುಜರಿಯವನು ಬಂದು ಕೊಳ್ಳುತ್ತಾನೆಂದು ಗವಿಸಿದ್ದೇಶ ಎರಡು ವರ್ಷದಿಂದ ಕಾಯುತ್ತಿದ್ದ. ಸುಕನ್ಯಾ ಒಂದು ಟಾಯರಿನ ಹೊಟ್ಟೆಯೊಳಗೆ ಬ್ಯಾಟರಿ ಬಿಟ್ಟಳು. ಒಳಗೆ ತಿಳಿಯಾದ ಮಳೆನೀರು. ಆ ನೀರಿನಲ್ಲಿ ತಲೆಕೆಳಗಾಗಿ ಜೋತುಬಿದ್ದು, ಬೆಳಕು ಕಂಡದ್ದೇ ತಡ ತಳಕ್ಕೆ ಕುಣಿಯುತ್ತ ಇಳಿದ ನೂರಾರು ಹುಳ.

ಮುಂದಿನ ಟಾಯರಿನಲ್ಲೂ ಅದೇ. ಅದರ ಮುಂದಿನದರಲ್ಲೂ ಅದೇ. ಊರ ಮಂದಿಯ ಭುಜದ ಮೇಲೆ ಸೊಳ್ಳೆ ಹುಡುಕಿದವಳ ಬೆನ್ನ ಹಿಂದೆಯೇ ಅವು ಹುಟ್ಟಿ ಬೆಳೆಯುತ್ತಿದ್ದವು.

"ನೀರು ಚೆಲ್ಲಿದ್ರ ಸಾಲಂಗಿಲ್ಲ ವಾಣಿ," ಎಂದಳು ಸುಕನ್ಯಾ. "ತತ್ತಿ ಟಾಯರಿನ ಒಳಮೈಗೆ ಅಂಟಿಕೊಂಡಿರ್ತಾವು. ಒಣಗಿದ್ರೂ ತಿಂಗಳುಗಟ್ಟಲೆ ಸಾಯಂಗಿಲ್ಲ. ನೀರು ಬಿತ್ತಂದ್ರ ಮತ್ತ ಹುಳ ಆಗ್ತಾವು. ಬ್ರಷ್ ಹಾಕಿ ತಿಕ್ಕಿ ತೊಳೀಬೇಕು, ನೀರು ನಿಲ್ಲದಂಗ ತೂತು ಹೊಡೀಬೇಕು. ನಿಮ್ಮ ಯಜಮಾನ್ರಿಗೆ ಹೇಳು."

ಯಜಮಾನ ಆ ಹೊತ್ತಿಗೆ ಲಾರಿಯೊಂದರ ಅಡಿಯಲ್ಲಿ ಮಲಗಿದ್ದ. ವಾಣಿಶ್ರೀ ಅವನನ್ನು ಕಾಲು ಹಿಡಿದು ಎಳೆದು ಎಬ್ಬಿಸುವುದೊಂದು ಬಾಕಿ.

"ಈ ಮನ್ಯಾಗ ಅವು ಇರ್ಬೇಕು, ಇಲ್ಲಾ ನಾ ಇರ್ಬೇಕು. ಇವತ್ತ ತಗೀರಿ."

"ಲೇ ವಾಣಿ, ಐವತ್ತು ಟಾಯರ್ ಒಂದು ದಿನದಾಗ ಎಲ್ಲಿ ಒಯ್ಲಿ?"

"ಎಲ್ಲಿಗಾರ ಒಯ್ರಿ. ನನ್ನ ಕಣ್ಣಿಗೆ ಬೀಳಬಾರ್ದು."

ತಿಕ್ಕಿ ತೊಳೆಯುವ ಮಾತನ್ನಾಗಲಿ ತೂತಿನ ಮಾತನ್ನಾಗಲಿ ಆಕೆ ಗಂಡನಿಗೆ ಹೇಳಲಿಲ್ಲ. ಮರೆತಳೆಂದಲ್ಲ. ಹೇಳಿದರೆ ಆ ಮನುಷ್ಯ ಒಂದೊಂದಾಗಿ ತೂತು ಹೊಡೆಯುತ್ತ ಹದಿನೈದು ದಿನ ಕೂರುತ್ತಾನೆ, ಅಷ್ಟು ದಿನವೂ ಅವು ಇಲ್ಲೇ ಗೋಡೆಗುಂಟ ಇರುತ್ತವೆ ಎಂದು ಆಕೆಗೆ ಗೊತ್ತಿತ್ತು.

ಗವಿಸಿದ್ದೇಶ ಕೈ ಬಿಚ್ಚಿ ಕೊಡುವ ಮನುಷ್ಯ. ಮೆಕ್ಕೆಜೋಳದ ಕೊಯ್ಲು ಆಗಷ್ಟೇ ಶುರುವಾಗಿತ್ತು. ಕಣದಲ್ಲಿ ರಾಶಿ ಹಾಕಿದವರು ಮೇಲೆ ತಾಡಪಾಲು ಹೊದಿಸುತ್ತಾರೆ. ಗಾಳಿಗೆ ಅದು ಹಾರಬಾರದೆಂದು ಭಾರ ಇಡಬೇಕು. ಕಲ್ಲಿಟ್ಟರೆ ತಾಡಪಾಲು ಹರಿಯುತ್ತದೆ, ಟಾಯರಾದರೆ ಹರಿಯುವುದಿಲ್ಲ. ಅವನು ಟಾಯರುಗಳನ್ನು ಬಗ್ಗಿಸಿ ನೀರು ಚೆಲ್ಲಿದ, ಒಂದು ದಿನ ಬಿಸಿಲಿಗೆ ಒಣಗಿಸಿದ, ಕೇಳಿದವರಿಗೆಲ್ಲ ಪುಕ್ಕಟೆಯಾಗಿ ಕೊಟ್ಟ. ಮೂರೇ ದಿನದಲ್ಲಿ ಗೋಡೆ ಖಾಲಿ. "ಪುಣ್ಯದ ಕೆಲಸ ಮಾಡ್ದಿ ಬಿಡು" ಎಂದಳು ಗುರುಬಸಮ್ಮ. ವಾಣಿಶ್ರೀ ಆ ದಿನ ಎರಡು ರೊಟ್ಟಿ ಹೆಚ್ಚು ತಿಂದಳು.

ಪ್ರತಿ ತಿಂಗಳ ಒಂಬತ್ತನೇ ತಾರೀಖು ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರ ತಪಾಸಣೆ. ಉದ್ದನೆಯ ಬೆಂಚಿನ ಮೇಲೆ ತಾಯಿ ಕಾರ್ಡು ಹಿಡಿದು ಹೆಂಗಸರು ಸಾಲಾಗಿ ಕೂರುತ್ತಾರೆ. ವಾಣಿಶ್ರೀಗೆ ಸೆಪ್ಟೆಂಬರಿನಲ್ಲಿ ಅಲ್ಲಿ ಸಿಕ್ಕವಳು ರೋಜಾ. ಇಪ್ಪತ್ತೆರಡರ ಹುಡುಗಿ, ಚೊಚ್ಚಲು, ಮೂರನೇ ತಿಂಗಳು. ಗಂಡ ಬೀರಲಿಂಗೇಶ ಕುರಿ ಹೊಡೆದುಕೊಂಡು ಹಡಗಲಿ ಕಡೆ ಹೋದವನು ಹದಿನೈದು ದಿನಕ್ಕೊಮ್ಮೆ ಮನೆ ಕಾಣುತ್ತಿದ್ದ. ಊರಂಚಿನ ಕಣದ ಪಕ್ಕದ ಮನೆಯಲ್ಲಿ ಅತ್ತೆ ಮಾವನ ಜೊತೆ ರೋಜಾ ಇದ್ದಳು.

ಮೊದಲ ದಿನವೇ ವಾಣಿಶ್ರೀ ಆಕೆಯ ಬರಿ ತೋಳು ನೋಡಿ ಬೈದಿದ್ದಳು.

"ಅಕ್ಕಾ, ನಾ ಕುರಿ ಹಟ್ಟಿಯಾಗ ಹುಟ್ಟಿದಾಕಿ," ರೋಜಾ ನಕ್ಕಿದ್ದಳು. "ಸೊಳ್ಳಿ, ಉಣ್ಣಿ, ನೊಣ ಎಲ್ಲಾವ್ಕೂ ನನ್ನ ರಕ್ತ ಕೊಟ್ಟೀನಿ. ಅಂಜಿದ್ರ ಆಗ್ತೈತೇನು?"

"ಅಂಜಬೇಕವಾ. ನಿನಗಲ್ಲ, ಒಳಗಿರೋದಕ್ಕ ಅಂಜಬೇಕು."

ರೋಜಾಳ ನಗು ಅಲ್ಲಿಗೆ ನಿಂತಿತು. ಹಗಲು ಮಲಗಿದರೂ ಪರದೆ ಕಟ್ಟಿಕೊಳ್ಳಬೇಕು, ಬಸುರಿಯರೂ ಹಚ್ಚಬಹುದೆಂದು ಡಾಕ್ಟರು ಬರೆದುಕೊಟ್ಟ ಮುಲಾಮನ್ನೇ ಹಚ್ಚಬೇಕು, ಎಲ್ಲೇ ನೀರು ನಿಂತಿರಲಿ ಬಗ್ಗಿ ನೋಡಬೇಕು, ಜ್ವರ ಬಂದರೆ ಮನೆಯಲ್ಲಿ ಮಾತ್ರೆ ನುಂಗಿ ಕೂರದೆ ಅದೇ ದಿನ ಆಸ್ಪತ್ರೆಗೆ ಬರಬೇಕು ಎಂದು ವಾಣಿಶ್ರೀ ಹೇಳಿದ್ದನ್ನೆಲ್ಲ ಆ ಹುಡುಗಿ ಬಾಯಿ ಬಿಟ್ಟುಕೊಂಡು ಕೇಳಿದಳು. ಮನೆಯಲ್ಲಿ ಯಾರೂ ಕೇಳದ ಮಾತಿಗೆ ಒಂದು ಜೀವ ಕಿವಿ ಕೊಟ್ಟಿತ್ತು. ವಾಣಿಶ್ರೀಗೆ ಆಕೆಯ ಮೇಲೆ ಒಡಹುಟ್ಟಿದವಳ ಮೇಲಿನಂಥ ಪ್ರೀತಿ ಹುಟ್ಟಿತು.

ಅಕ್ಟೋಬರ್ ಒಂಬತ್ತಕ್ಕೆ ರೋಜಾ ತುಂಬುತೋಳಿನ ರವಿಕೆ ತೊಟ್ಟು ಬಂದಿದ್ದಳು. ಕೂತವಳೇ ವಾಣಿಶ್ರೀಯ ಕೈ ಹಿಡಿದುಕೊಂಡಳು.

"ಅಕ್ಕಾ, ನಿಮ್ಮ ಯಜಮಾನ್ರು ದೇವ್ರಂಥಾ ಮನಷ್ಯಾರು. ನಮ್ಮ ಮಾವಗ ತಾಡಪಾಲಿನ ಮ್ಯಾಲ ಇಡಾಕ ಇಪ್ಪತ್ತೆರಡು ಟಾಯರ್ ಕೊಟ್ಟಾರ. ಪಂಕ್ಚರ್ ಅಂಗಡಿಯೋರು ನಮ್ಮಕ್ಕಾರ ಮನ್ಯೋರು ಅಂತ ನಾ ಮನ್ಯಾಗ ಹೇಳಿ ಹೇಳಿ ಉಬ್ಬೀನಿ ನೋಡ್ರಿ."

ವಾಣಿಶ್ರೀ ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅವುಗಳ ಒಳಗೆ ತತ್ತಿ ಇವೆ ರೋಜಾ, ತಿಕ್ಕಿ ತೊಳೆಯಲು ಹೇಳು, ಇಲ್ಲವೇ ವಾಪಸ್ ಕಳಿಸು. ಇಷ್ಟೇ. ಆದರೆ ವಾಪಸ್ ಎಂಬ ಮಾತು ಮನಸ್ಸಿಗೆ ಬಂದೊಡನೆ ಆಕೆಗೆ ಕಂಡದ್ದು ತನ್ನ ಮನೆಯ ಗೋಡೆ. ಅವು ಮತ್ತೆ ಅಲ್ಲೇ ಬಂದು ಕೂರುತ್ತವೆ. ತನಗೆ ಈಗ ಏಳನೇ ತಿಂಗಳು. ಇನ್ನು ಎರಡೇ ಎರಡು ತಿಂಗಳು. ಮಳೆಗಾಲ ಮುಗಿಯಿತಲ್ಲ, ಬಿಸಿಲು ಬಿದ್ದಿದೆಯಲ್ಲ, ನೀರೇ ಬೀಳದಿದ್ದರೆ ತತ್ತಿ ಏನು ಮಾಡೀತು?

ಅಷ್ಟರಲ್ಲಿ ನರ್ಸು ಹೆಸರು ಕೂಗಿದಳು. ವಾಣಿಶ್ರೀ ಎದ್ದು ಒಳಗೆ ಹೋದಳು. ರಕ್ತದೊತ್ತಡ ಯಾಕೆ ಇಷ್ಟು ಏರಿದೆ ಎಂದು ಡಾಕ್ಟರು ಕೇಳಿದರು. ನಡೆದು ಬಂದೆ ಅದಕ್ಕೆ ಎಂದಳು.

ಮುಂದಿನ ವಾರ ಸೀಮಂತದ ಕುಬಸ. ಹಸಿರು ಸೀರೆ, ಹಸಿರು ಬಳೆ, ತವರಿನವರು ತಂದ ಐದು ಥರದ ಸಿಹಿ. ಹೆಂಗಸರು ಹಾಡಿದರು, ಉಡಿ ತುಂಬಿದರು. ಆರತಿ ಎತ್ತುವ ಹೊತ್ತಿಗೆ ತಗಡಿನ ಮೇಲೆ ಹನಿ ಬಿದ್ದ ಸದ್ದು. ಸಮುದ್ರದಲ್ಲಿ ಗಾಳಿ ಎದ್ದಿದೆಯಂತೆ, ಇನ್ನು ಮೂರು ದಿನ ಮಳೆಯಂತೆ ಎಂದು ಯಾರೋ ಅಂದರು. ವಾಣಿಶ್ರೀ ಬಾಯಿಗೆ ಇಟ್ಟುಕೊಂಡ ಹೋಳಿಗೆ ಹಾಗೇ ನಿಂತಿತು. ಇಪ್ಪತ್ತೆರಡು ಟಾಯರುಗಳೊಳಗೆ ನೀರು ಇಳಿಯುತ್ತಿರುವುದು ಕೂತಲ್ಲಿಂದಲೇ ಆಕೆಗೆ ಕಾಣುತ್ತಿತ್ತು.

ಮೂರು ದಿನವೂ ಮಳೆ ಬಂತು. ಮೂರು ಸಲ ಆಕೆ ಫೋನು ಕೈಗೆ ತೆಗೆದುಕೊಂಡಳು. ಒಂದು ಸಲ ರೋಜಾಳ ಹೆಸರಿನ ತನಕ ಹೋಗಿ ಕೆಳಗಿಟ್ಟಳು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳುವುದು? ನಾಳೆ ಹೇಳಿದರಾಯಿತು. ಸುಕನ್ಯಾ ಆ ಕಡೆ ಹೋಗಿಯೇ ಹೋಗುತ್ತಾಳೆ, ನೋಡಿಯೇ ನೋಡುತ್ತಾಳೆ. ಹೇಡಿತನಕ್ಕೆ ನೂರು ನೆಪ ಎಂಬುದು ಸುಳ್ಳಲ್ಲ. ಹೊಲಿಗೆ ಯಂತ್ರದ ಮುಂದೆ ಕೂತರೆ ಸೂಜಿ ಓಡದು. ಎದ್ದು ತಿರುಗಾಡಿದರೆ ಅತ್ತೆ ಬೈಯುವಳು. ಎಲ್ಲೋ ಒಂದು ಸೊಳ್ಳೆ ಗುಂಯ್ ಎಂದರೂ ಆಕೆಗೆ ಈಗ ಭಯದ ಜೊತೆ ನಾಚಿಕೆಯೂ ಆಗುತ್ತಿತ್ತು.

ನವೆಂಬರ್ ಒಂಬತ್ತಕ್ಕೆ ಬೆಂಚಿನ ಮೇಲೆ ರೋಜಾ ಇರಲಿಲ್ಲ. ವಾಣಿಶ್ರೀ ತನ್ನ ಸರದಿ ಬಿಟ್ಟುಕೊಟ್ಟು ಮಧ್ಯಾಹ್ನದ ತನಕ ಬಾಗಿಲು ನೋಡುತ್ತ ಕೂತಳು. ಕೊನೆಗೆ ಬಂದವಳು ಸುಕನ್ಯಾ.

"ನಿನಗ ಗೊತ್ತಿಲ್ಲೇನು? ಆ ಹುಡುಗಿಗೆ ಡೆಂಗಿ ಆಗಿತ್ತು ವಾಣಿ. ಪ್ಲೇಟ್ಲೆಟ್ ಬಾಳ ಇಳಿದು ದಾವಣಗೆರಿಗೆ ಒಯ್ದಿದ್ರು. ಎಂಟು ದಿನ ಇಟ್ಕೊಂಡಿದ್ರು. ನಿನ್ನೆ ಮನಿಗೆ ಬಂದಾಳ."

"ಕೂಸು?"

"ಐತಂತ. ಮುಂದಿಂದು ಏನು ಹೇಳಾಕ ಬರ್ತೈತಿ?"

ಮನೆಗೆ ಬಂದವಳು ಅಂಗಡಿಯ ಮುಂದೆಯೇ ನಿಂತು ಗಂಡನಿಗೆ ಎಲ್ಲವನ್ನೂ ಹೇಳಿದಳು. ತತ್ತಿಯ ಮಾತು, ತೂತಿನ ಮಾತು, ಬೆಂಚಿನ ಮೇಲೆ ತಾನು ನುಂಗಿದ ಮಾತು. ಗವಿಸಿದ್ದೇಶನ ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಕೆಳಗೆ ಬಿತ್ತು.

"ನನಗರ ಹೇಳಬಾರ್ದಾಗಿತ್ತೇನು? ನಾ ನನ್ನ ಕೈಯಾರ ಎತ್ತಿ ಕೊಟ್ಟೀನಲ್ಲೇ ಅವ್ರಿಗೆ!"

ಹದಿನೈದು ವರ್ಷದಿಂದ ಊರಿಗೆಲ್ಲ ಗಾಳಿ ತುಂಬಿದ ಮನುಷ್ಯ ಅಂದು ತಾನೇ ಗಾಳಿ ಹೋದಂತೆ ಕಟ್ಟೆಯ ಮೇಲೆ ಕುಸಿದ. ಆಮೇಲೆ ಎದ್ದು ಪಕ್ಕದವರ ಲಗೇಜ್ ಆಟೋ ಕೇಳಿ ತಂದ. ಡ್ರಿಲ್ಲಿಂಗ್ ಮಷಿನ್ ಹಾಕಿಕೊಂಡ. ಅತ್ತೆ ಬಾಗಿಲಲ್ಲಿ ನಿಂತು, "ತುಂಬಿದ ಬಸುರಿ ಆ ಜ್ವರದ ಮನಿಗೆ ಹೋಗಬ್ಯಾಡವ್ವಾ" ಎಂದು ಕೂಗುತ್ತಿದ್ದರೂ ವಾಣಿಶ್ರೀ ಹತ್ತಿ ಕೂತಳು. ತಾನು ಹೋಗುತ್ತಿರುವುದು ಸೊಳ್ಳೆ ಇರುವ ಜಾಗಕ್ಕೆ ಎಂದು ಆಕೆಗೆ ಚೆನ್ನಾಗಿ ಗೊತ್ತಿತ್ತು. ದಾರಿಯುದ್ದಕ್ಕೂ ಆಕೆಯ ಒಂದು ಕೈ ಹೊಟ್ಟೆಯ ಮೇಲೇ ಇತ್ತು.

ರೋಜಾಳ ಅತ್ತೆ ಪಕ್ಕೀರಮ್ಮ ಕಂಡೊಡನೆ ಓಡಿಬಂದು ಕೈ ಹಿಡಿದು ಇಳಿಸಿಕೊಂಡಳು. "ಬರ್ರಿ ನಮ್ಮವ್ವಾ, ಆಸ್ಪತ್ರ್ಯಾಗೂ ನಿಮ್ಮನ್ನ ನೆನಸ್ತಿದ್ಲು. ಜ್ವರ ಬಂದ ದಿನಾನ ದವಾಖಾನಿಗೆ ಹೋಗ್ಬೇಕು ಅಂತ ಅಕ್ಕ ಹೇಳ್ಯಾಳ ಅಂತ ಹಟ ಹಿಡಿದ್ಲು. ತಡಾ ಮಾಡಿದ್ರ ಉಳೀತಿರ್ಲಿಲ್ಲ ಅಂದ್ರು ಡಾಕ್ಟ್ರು. ಜೀವ ಉಳಿಸಿದಾರು ನೀವು." ಆ ಉಪಕಾರದ ಮಾತು ವಾಣಿಶ್ರೀಗೆ ಬೆನ್ನ ಮೇಲೆ ಹೊಡೆದಂತಾಯಿತು.

ರೋಜಾ ಪರದೆಯೊಳಗೆ ಮಲಗಿದ್ದಳು. ಮುಖ ಬಾಡಿತ್ತು, ಬಳೆಗಳು ಮೊಣಕೈ ತನಕ ಜಾರುತ್ತಿದ್ದವು. ಮೆಲ್ಲಗೆ ನಕ್ಕು, "ಕೂಸಿನ ಎದಿ ಬಡಿತ ಕೇಳಿಸಿದ್ರು ಅಕ್ಕಾ. ಕುದುರಿ ಓಡಿದಂಗ ಓಡತೈತಿ. ಹೆರಿಗಿ ತನಕ ಹದಿನೈದು ದಿನಕ್ಕೊಮ್ಮೆ ಬಂದು ತೋರಿಸ್ರಿ ಅಂದಾರ. ರಾತ್ರಿ ಹಗಲು ಅದೇ ಚಿಂತಿ ಆಗೈತಿ ನನಗ" ಎಂದಳು.

ವಾಣಿಶ್ರೀ ಪರದೆಯ ಹೊರಗೆ ನೆಲದ ಮೇಲೆ ಕೂತಳು. ಇನ್ನು ತಡ ಮಾಡಿದರೆ ತಾನು ಮತ್ತೆಂದೂ ಹೇಳುವುದಿಲ್ಲ ಎಂದು ಆಕೆಗೆ ಗೊತ್ತಿತ್ತು.

"ರೋಜಾ, ಆ ಟಾಯರಿನ್ಯಾಗ ಸೊಳ್ಳಿ ತತ್ತಿ ಇದ್ವು. ನನಗ ಗೊತ್ತಿತ್ತು. ಅವತ್ತ ಬೆಂಚಿನ ಮ್ಯಾಲ ನೀ ಹೇಳಿದಾಗೂ ಗೊತ್ತಿತ್ತು. ವಾಪಸ್ ನಮ್ಮ ಮನಿಗೆ ಬರ್ತಾವು ಅಂತ ಅಂಜಿ ನಾ ಹೇಳಲಿಲ್ಲ."

ರೋಜಾಳ ಕಣ್ಣಿನಲ್ಲಿ ನೀರು ತುಂಬಿತು, ಸಿಟ್ಟೂ ತುಂಬಿತು.

"ಆ ಹುಳ ನಾನೂ ನೋಡಿದ್ದೆ," ಎಂದಳು. "ನಿಂತ ನೀರು ಬಗ್ಗಿ ನೋಡು ಅಂತ ನೀವೇ ಕಲಿಸಿದ್ರಲ್ಲ. ಮಳಿ ನಿಂತ ಮ್ಯಾಲ ನೋಡಿದೆ, ಗಿಜಿಗಿಜಿ ಅಂತಿದ್ವು. ಮಾವಗ ಹೇಳಿದೆ. ಎದುರು ಮನ್ಯೋರು ತಮ್ಮ ರಾಶಿಗೆ ಟಾಯರ್ ಕೇಳಾಕತ್ಯಾರ, ಅವ್ರಿಗೆ ಕೊಟ್ಟು ಕೈ ತೊಳಕೊಳ್ಳೋಣು ಅಂದ್ರು. ನಾನೇ ಬ್ಯಾಡ ಅಂದೆ."

"ಯಾಕ?"

"ಎದುರು ಮನ್ಯಾಗ ಹಸಿ ಬಾಣಂತಿ ಅದಾಳ. ಆ ಕಡಿಗೆ ಕೊಡಾನ ಅಂದ್ರ ಅಲ್ಲಿ ಅಂಗನವಾಡಿ ಐತಿ. ಯಾರಿಗಂತ ಕೊಡ್ಲಿ ಅಕ್ಕಾ? ಎಲ್ಲಾರ ಮನ್ಯಾಗೂ ಕೂಸು ಅದಾವು. ಅದಕ್ಕ ದಿನಾ ಮುಂಜಾನಿ ತೆಂಗಿನ ಚಿಪ್ಪು ತಗೊಂಡು ನಾನೇ ನೀರು ತೋಡಿ ಚೆಲ್ತಿದ್ದೆ. ರಾಶಿ ಮ್ಯಾಲ ಆ ತುದಿಗಿರೋವು ನನ್ನ ಕೈಗೆ ಎಟುಕಲಿಲ್ಲ."

ವಾಣಿಶ್ರೀಗೆ ಅಳು ಬರಲಿಲ್ಲ. ಅತ್ತಿದ್ದರೆ ಹಗುರಾಗುತ್ತಿತ್ತು. ನಾಲ್ಕು ತಿಂಗಳು ತಾನು ಮೈಯೆಲ್ಲ ಮುಚ್ಚಿಕೊಂಡು ತನ್ನೊಂದು ಹೊಟ್ಟೆಗಾಗಿ ಅಂಜಿದ್ದಳು. ತನ್ನಿಂದಲೇ ಅಂಜುವುದನ್ನು ಕಲಿತ ಈ ಹುಡುಗಿ ಓಣಿಯ ಕೂಸುಗಳಿಗೆಲ್ಲ ಸೇರಿಸಿ ಅಂಜಿದ್ದಳು, ಅದಕ್ಕಾಗಿಯೇ ಕಚ್ಚಿಸಿಕೊಂಡಿದ್ದಳು. ರೋಜಾ ಗೋಡೆಯ ಕಡೆ ಹೊರಳಿದಳು, ವಾಣಿಶ್ರೀ ಎದ್ದು ಹೊರಗೆ ಬಂದಳು.

ಹೊರಗೆ ಗವಿಸಿದ್ದೇಶ ಟಾಯರುಗಳನ್ನು ಒಂದೊಂದೇ ಆಟೋಕ್ಕೆ ಏರಿಸುತ್ತಿದ್ದ. "ವಾಣಿ, ಎಂಟು ಹಾಕೀನಿ. ಕೆರಿ ಏರಿ ಕಡೆ ಒಯ್ದು ಎಸೆದು ಬರ್ಲೇನು?"

"ಇಳಸ್ರಿ."

"ಏನು?"

"ಎಲ್ಲಾ ಕೆಳಗ ಇಳಸ್ರಿ. ಒಂದೂ ಎಲ್ಲಿಗೂ ಹೋಗಂಗಿಲ್ಲ. ಇಲ್ಲೇ ತಿಕ್ಕಿ ತೊಳಿಯೋಣು, ಇಲ್ಲೇ ತೂತು ಹೊಡೀರಿ."

ಪಕ್ಕೀರಮ್ಮ ಮನೆಯೊಳಗಿಂದ ಡ್ರಿಲ್ಲಿಂಗ್ ಮಷಿನ್ನಿಗೆ ಕರೆಂಟಿನ ವೈರು ಎಳೆದುಕೊಟ್ಟಳು. ವಾಣಿಶ್ರೀ ಕಾಲು ಚಾಚಿ ಕೂತು ಬ್ರಷ್ ಹಿಡಿದಳು. ಒಳಮೈಯಲ್ಲಿ ಕಪ್ಪಗೆ, ಗಸಗಸೆಗಿಂತ ಸಣ್ಣಗೆ ಅಂಟಿದ್ದ ತತ್ತಿಗಳು ಕೈಗೆ ಸಿಕ್ಕವು. ಮೊದಲ ಟಾಯರು ಮುಗಿಸಿ ತಲೆ ಎತ್ತಿದಳು.

"ಇವು ಇಪ್ಪತ್ತೆರಡು. ಉಳಿದವು ಯಾರ್ಯಾರಿಗೆ ಕೊಟ್ಟೀರಿ, ಹೇಳ್ರಿ."

ಗವಿಸಿದ್ದೇಶ ಬೆರಳು ಮಡಚಿದ. "ಎರ್ರೆಪ್ಪಗ ಹತ್ತು."

"ಅವರ ಮನ್ಯಾಗ ಕೂಸು ಅದಾವೇನು?"

"ಮೊಮ್ಮಗ ಐತಿ, ಈಗಿನ್ನ ಅಂಬೆಗಾಲು ಇಡ್ತೈತಿ. ಆಮ್ಯಾಲ ಹುಲುಗಣ್ಣಗ ಎಂಟು. ಅವ್ನ ಮಗಳು ಹೆರಿಗಿಗೆ ಬಂದಾಳ. ಆಮ್ಯಾಲ ಬೊಮ್ಮಮ್ಮಗ..."

"ಇವು ಮುಗಿದ ಮ್ಯಾಲ ಅವರೆಲ್ಲರ ಮನಿಗೂ ಹೋಗೋಣು," ಎಂದಳು ವಾಣಿಶ್ರೀ. ಅವನು ಮಡಚಿದ ಬೆರಳುಗಳನ್ನು ಒಮ್ಮೆ ನೋಡಿಕೊಂಡು, ಬಗ್ಗಿ ಡ್ರಿಲ್ಲಿಂಗ್ ಮಷಿನ್ ಎತ್ತಿಕೊಂಡ.